ಹೊಂಬಾಳೆಯ ಹಸಿವು

ಒಂದು ಕಾಡಿನಲ್ಲಿ ಕರಿಮೂತಿಯ ಕೋತಿಗಳಾದ ಮುಸುವಗಳೂ ಜಿಂಕೆಗಳೂ ಒಂದೇ ಪಂಕ್ತಿಯಲ್ಲಿ ಉಣ್ಣುವ ವಾಡಿಕೆಯಿತ್ತು. ಮರದ ಮೇಲೆ ಕೂತ ಮುಸುವಗಳು ಚಿಗುರು, ಕಾಯಿ ಕಿತ್ತು ಉದುರಿಸುತ್ತಿದ್ದವು. ಕೆಳಗೆ ಜಿಂಕೆಗಳು ಮೇಯುತ್ತಿದ್ದವು. ಆ ಜಿಂಕೆಗಳಲ್ಲಿ ಹೊಂಬಾಳೆ ಎಂಬವಳೊಬ್ಬಳಿದ್ದಳು. ಅವಳಿಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಹಳ್ಳ ಹಾರಿದರೆ ಗೊರಸಿಗೆ ಒಂದು ಹನಿ ನೀರೂ ತಾಗಬಾರದು. ತಾಗಿತೋ, ಮುಗಿಯಿತು, ಅವತ್ತೆಲ್ಲ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಈ ಸ್ವಭಾವ ಒಬ್ಬ ಕತ್ತೆಕಿರುಬನ ಕಣ್ಣಿಗೆ ಬಿತ್ತು. ಓಡುವ ಜಿಂಕೆ ಅವನ ಬಾಯಿಗೆಲ್ಲಿ ಸಿಗಬೇಕು? ಸೊರಗಿದ ಜಿಂಕೆಯಾದರೆ ಸಿಕ್ಕೀತು. ಒಂದು ಬೆಳಿಗ್ಗೆ ಅವಳ ಗೊರಸು ನೀರಿಗೆ ತಾಗಿದಾಗ, ಆಚೆ ದಡದಿಂದ ನಯವಾಗಿ ಹೇಳಿದ, "ನಿನ್ನಷ್ಟು ಚೆಂದ ಹಾರೋರು ಈ ಕಾಡಲ್ಲೇ ಇಲ್ಲ ತಾಯಿ. ಹೊಟ್ಟೆ ಒಂಚೂರು ಭಾರ ಆಯ್ತು, ಅಷ್ಟೆ."

ಆ ಮಾತು ಅವಳ ತಲೆ ಹೊಕ್ಕಿತು. ಮೊದಲು ಕಾಯಿ ಬಿಟ್ಟಳು, ಆಮೇಲೆ ಚಿಗುರೂ ಬಿಟ್ಟಳು. ಹಸಿವನ್ನು ಗೆದ್ದೆ ಎಂದು ಒಳಗೊಳಗೇ ಹೆಮ್ಮೆ ಬೇರೆ. ಪಾಪ, ಮೈ ಎಷ್ಟು ಇಳಿದರೂ ಸಾಲದೆನಿಸುತ್ತಿತ್ತು. ಮರದ ಮೇಲಿನ ಮುದಿ ಮುಸುವ ಗೌರಜ್ಜಿ, "ಯಾಕೇ, ಮೈಯಲ್ಲಿ ಹುಷಾರಿಲ್ವಾ?" ಎಂದು ಕೇಳಿದರೆ, "ಈಗಷ್ಟೇ ತಿಂದೆ ಅಜ್ಜಿ" ಎನ್ನುತ್ತಿದ್ದಳು. ಅಜ್ಜಿ ನಂಬಲಿಲ್ಲ. ಅವಳ ಮೇಲೊಂದು ಕಣ್ಣಿಟ್ಟೇ ಇದ್ದಳು.

ಕೊನೆಗೊಂದು ಮಧ್ಯಾಹ್ನ ಹೊಂಬಾಳೆ ಕಾಲು ಸೋತು ಕುಸಿದಳು. ಕತ್ತೆಕಿರುಬ ಜೊಲ್ಲು ಸುರಿಸುತ್ತ ಪೊದೆಯಿಂದ ಹೊರಬಂದ. ಗೌರಜ್ಜಿ ಗಂಟಲು ಹರಿಯುವಂತೆ ಕೂಗಿಕೊಂಡಳು. ಗಂಡು ಜಿಂಕೆಗಳು ಕೊಂಬು ಬಗ್ಗಿಸಿ ನುಗ್ಗಿ, ಅವನನ್ನು ಸೀಗೆ ಮೆಳೆಗೆ ಕೆಡವಿದವು. ಮೈತುಂಬ ಮುಳ್ಳು ಚುಚ್ಚಿಸಿಕೊಂಡು, ಖಾಲಿ ಹೊಟ್ಟೆಯಲ್ಲಿ ಕುಂಟುತ್ತ, ಅವನು ಕಾಡು ಬಿಟ್ಟೇ ಹೋದ.

ಅಜ್ಜಿ ಮರದಿಂದ ಇಳಿದು ಬಂದಳು. ಬೈಯಲಿಲ್ಲ, ಬಲವಂತ ಮಾಡಲಿಲ್ಲ. ಪಕ್ಕದಲ್ಲಿ ಕೂತು ಒಂದು ಚಿಗುರನ್ನು ಹೊಂಬಾಳೆಯ ಮುಂದಿಟ್ಟು, ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡಳು.

"ಭಯ ಆಗುತ್ತೆ ಅಜ್ಜಿ" ಎಂದಳು ಹೊಂಬಾಳೆ.

"ಆಗ್ಲಿ ಮಗಾ. ನಾನೂ ತಿಂತಿದೀನಲ್ಲ, ಜೊತೆಗೆ ತಿನ್ನು."

ಅವತ್ತು ಗಂಟಲಲ್ಲಿ ಇಳಿದದ್ದು ಅರ್ಧ ಎಲೆ. ಮರುದಿನ ಅದೂ ಬೇಡವಾಯಿತು. ಆದರೂ ಅಜ್ಜಿ ದಿನಾ ಇಳಿದು ಬಂದಳು. ಮಳೆಗಾಲ ಕಳೆಯುವ ಹೊತ್ತಿಗೆ ಹೊಂಬಾಳೆ ಮೈ ತುಂಬಿಕೊಂಡಳು. ಕತ್ತೆಕಿರುಬನ ಆ ಹಾಳು ಮಾತು ಆಗಾಗ ತಲೆಗೆ ಬರುತ್ತಿತ್ತು. ಬಂದಾಗಲೆಲ್ಲ ಅಜ್ಜಿಯ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಒಂದು ದಿನ ಅಜ್ಜಿಯ ಮಡಿಲಿಗೆ ಮೂತಿ ಒರಗಿಸಿ ಅಂದಳು, "ನೆಲಕ್ಕಿಳಿದರೆ ನಿನ್ನ ಜೀವಕ್ಕೇ ಅಪಾಯ. ಆದರೂ ನನಗೋಸ್ಕರ ದಿನಾ ಇಳಿದೆ. ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲ."

"ಉಪಕಾರವೂ ಇಲ್ಲ, ಮಣ್ಣೂ ಇಲ್ಲ. ನೀನು ತಿನ್ನೋದು ಬಿಟ್ಟಾಗಿಂದ ನಂಗೂ ಊಟ ಸೇರ್ತಿರಲಿಲ್ಲ ಕಣೇ."

ಹೊಂಬಾಳೆ ಮೂತಿ ಎತ್ತಿ ಅಜ್ಜಿಯನ್ನು ನೋಡಿದಳು. ಆಮೇಲೆ, "ಅಜ್ಜಿ, ನಂಗೆ ಹಸಿವಾಗ್ತಿದೆ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಬಾಯಲ್ಲಿ ಆ ಮಾತು ಬಂದಿತ್ತು. ಅಜ್ಜಿಯ ಕಣ್ಣು ತುಂಬಿತು.

ನೀತಿ: ಎಲ್ಲದರಲ್ಲೂ ಕುಂದಿಲ್ಲದಂತೆ ಇರಬೇಕೆಂಬ ಹಟಕ್ಕೆ ಬಿದ್ದು ಮೈಯನ್ನು ಉಪವಾಸ ಕೆಡವಬಾರದು, ಹಾಗೆ ಸೊರಗಿದವರಿಗೆ ಬೈಗುಳ ಬೇಡ, ಜೊತೆಗೆ ಕೂತು ಉಣ್ಣುವವರು ಬೇಕು.