ಹೊಳೆಯ ಕೆಳಗಿನ ಮಣ್ಣು

ತುಂಗಭದ್ರೆಯ ದಂಡೆಯ ಊರೊಂದರಲ್ಲಿ ಹೊನ್ನೂರಸಾಬ್ ಎಂಬ ಕರೆಂಟ್ ಮೇಸ್ತ್ರಿ ಇದ್ದರು. ಅವರ ಕೈಕೆಳಗೆ ಹುಲಿಗೆಮ್ಮ ಎಂಬಾಕೆ ಆರು ವರ್ಷದಿಂದ ಕೆಲಸ ಕಲಿಯುತ್ತಿದ್ದಳು.

ಹುಲಿಗೆಮ್ಮ ಐಟಿಐ ಪಾಸಾದವಳು. ವಯಸ್ಸು ಮೂವತ್ತೆರಡು. ಏಣಿ ಹತ್ತುವಾಗ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟುಕೊಳ್ಳುತ್ತಿದ್ದಳು. ಕೈ ಚುರುಕು, ಮಾತೂ ಚುರುಕು.

ಮೇಸ್ತ್ರಿಯದು ಮಾತು ಕಡಿಮೆ. ಹತ್ತು ಕೇಳಿದರೆ ಒಂದಕ್ಕೆ ಉತ್ತರ ಹೇಳುತ್ತಿದ್ದರು. ಅದೂ ಅವಳು ಕೇಳಿದ್ದಕ್ಕಲ್ಲ.

ಊರ ಹೊರಗೆ ಹೊಳೆಯ ಮಗ್ಗುಲಲ್ಲೇ ಒಂದು ಆಶ್ರಮ. ಅಲ್ಲಿ ಯಾತ್ರಿಕರಿಗೆಂದು ಹೊಸದಾಗಿ ಎಂಟು ಕೋಣೆ ಕಟ್ಟಿಸಿದ್ದರು. ಆಶ್ರಮದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮುದಿಯಪ್ಪನವರು ವೈರಿಂಗ್ ಕೆಲಸಕ್ಕೆ ಮೇಸ್ತ್ರಿಯನ್ನು ಕರೆಸಿದರು.

ಮೇಸ್ತ್ರಿ ಕೋಣೆಗಳನ್ನು ಒಂದು ಸುತ್ತು ನೋಡಿ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತರು.

“ಹುಲಿಗೆಮ್ಮ, ಇದು ನಿನ್ನ ಕೆಲಸ. ಸಾಮಾನು ಆರಿಸೋದೂ ನೀನ, ಹಾಕೋದೂ ನೀನ. ಮುಗಿದ ದಿನ ಕರಿ, ಬರ್ತೀನಿ.”

ಹುಲಿಗೆಮ್ಮನ ಎದೆ ಒಮ್ಮೆ ಹಿಗ್ಗಿತು, ಮರುಕ್ಷಣ ಅಳುಕಿತು.

“ಮೇಸ್ತ್ರಿ, ಅಗ್ಗದ್ದು ತರ್ಲೇನ್ರಿ, ದೊಡ್ಡ ಕಂಪನಿದು ತರ್ಲೇನ್ರಿ?”

“ಎಲ್ಲಿಗೆ?”

“ಎಲ್ಲಿಗೆ ಅಂದ್ರ? ಈ ಕೋಣಿಗುಳಿಗೆ ರಿ.”

“ಕೋಣ್ಯಾಗ ಎಲ್ಲಿಗೆ?”

ಮೇಸ್ತ್ರಿ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. ಮೇಸ್ತ್ರಿ ಚಹಾದ ಲೋಟ ತೊಳೆದು ಬೋರಲು ಹಾಕಿ ಮನೆಗೆ ಹೋದರು.

ಹಿಂದಿನ ವರ್ಷದ ಒಂದು ಮಾತು ಹುಲಿಗೆಮ್ಮನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಒಬ್ಬ ಯಜಮಾನ ತಾನೇ ಅಗ್ಗದ ಸಾಮಾನು ಹಾಕು ಎಂದು ಹಾಕಿಸಿಕೊಂಡು, ಕೆಲಸ ಮುಗಿದ ಮೇಲೆ ನೆರೆಯವರ ಮುಂದೆ, “ಹೆಣ್ಮಗಳ ಕೆಲಸ, ಸಂತ್ಯಾಗಿನ ಸಾಮಾನು, ಎರಡೂ ಒಂದಕ್ಕೊಂದು ಹೊಂದ್ಯಾವ” ಎಂದು ನಕ್ಕಿದ್ದ.

ಈ ಸಲ ಯಾರೂ ಹಾಗೆ ನಗಬಾರದು ಎಂದು ಅವಳು ತೀರ್ಮಾನಿಸಿದಳು.

ಪೇಟೆಯ ದೊಡ್ಡ ಅಂಗಡಿಗೆ ಹೋಗಿ ಎಲ್ಲರಿಗೂ ಗೊತ್ತಿರುವ ಹೆಸರಿನ ಸ್ವಿಚ್ಚುಗಳನ್ನೇ ತಂದಳು. ಹಾಲಿನ ಕೆನೆಯ ಬಣ್ಣ. ಒತ್ತಿದರೆ ಸದ್ದೇ ಇಲ್ಲ. ದೀಪಗಳೂ ಅದೇ ಕಂಪನಿಯವು, ಫ್ಯಾನುಗಳೂ ಅಷ್ಟೆ.

ಆಶ್ರಮದವರು ಇಷ್ಟೇ ದುಡ್ಡಿನಲ್ಲಿ ಮುಗಿಸಬೇಕೆಂದು ಮೊದಲೇ ಹೇಳಿದ್ದರು. ಒಂದು ಕಡೆ ಕೈ ಬಿಚ್ಚಿದರೆ ಇನ್ನೊಂದು ಕಡೆ ಬಿಗಿಹಿಡಿಯಲೇಬೇಕು. ಗೋಡೆಯೊಳಗೆ ಹೋಗಿ, ಸೋರಿದ ಕರೆಂಟನ್ನು ನೆಲದ ಮಣ್ಣಿಗೆ ಇಳಿಸುವ ಅರ್ಥಿಂಗ್ ವೈರನ್ನು ಅವಳು ಸಣ್ಣದು ತಂದಳು. ಕರೆಂಟು ದಾರಿ ತಪ್ಪಿ ನೀರಿಗೋ ಮೈಗೋ ಹರಿದರೆ ತಟ್ಟನೆ ಲೈನ್ ಕಡಿಯುವ ಲೀಕೇಜ್ ಬ್ರೇಕರನ್ನು ಮುಂದಿನ ವರ್ಷ ಹಾಕಿದರಾಯಿತು ಎಂದು ಬಿಟ್ಟಳು.

ಹಿತ್ತಲಲ್ಲಿ ಅರ್ಥಿಂಗ್ ಗುಂಡಿ ತೋಡಿಸುವಾಗ ಎರಡು ಅಡಿಗೆ ಬಂಡೆ ಸಿಕ್ಕಿತು.

“ಒಡಿಬೇಕಂದ್ರ ಇನ್ನೂ ಎರಡು ದಿನ ಬೇಕವ್ವ,” ಎಂದರು ಆಳುಗಳು.

ಹುಲಿಗೆಮ್ಮ ಗುಂಡಿಯನ್ನೊಮ್ಮೆ, ಬಿಸಿಲನ್ನೊಮ್ಮೆ ನೋಡಿದಳು. ಮುಚ್ಚಿದ ಮೇಲೆ ಯಾರು ಇಣುಕುತ್ತಾರೆ ಅನ್ನಿಸಿತು.

“ಇಷ್ಟ ಸಾಕು, ಮುಚ್ರಿ,” ಎಂದಳು.

ಕೋಣೆಗಳು ತೆರೆಯುವ ದಿನ ಬಂತು. ಪುಷ್ಯ ಮಾಸದ ಬೆಳಗು. ಹೊಳೆಯ ಮೇಲೆ ಮಂಜು ಕೂತಿತ್ತು. ಯಾತ್ರಿಕರು ಕೋಣೆ ಕೋಣೆ ಹೊಕ್ಕು ಸ್ವಿಚ್ ಒತ್ತಿ ನೋಡಿದರು.

“ಲಾಡ್ಜಿನಾಗ ಇದ್ದಂಗ ಐತಲ್ಲ,” ಎಂದರು ಮುದಿಯಪ್ಪ.

ಹುಲಿಗೆಮ್ಮನ ಮುಖ ಅರಳಿತು. ಅಷ್ಟರಲ್ಲಿ ಮೇಸ್ತ್ರಿಯೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದರು. ಮೊದಲ ಬಿಸಿನೀರಿನ ಸ್ನಾನ ಅವರದೇ ಆಗಬೇಕೆಂದು ಅವಳು ಕೇಳಿಕೊಂಡಿದ್ದಳು.

ಮೇಸ್ತ್ರಿ ಎಂಟೂ ಕೋಣೆ ನೋಡಿದರು. ಒಂದು ಸ್ವಿಚ್ ಒತ್ತಿ, “ಬೆಣ್ಣಿ ಇದ್ದಂಗ ಐತಿ” ಎಂದರು. ಹಿತ್ತಲಿಗೆ ಹೋಗಿ ಬಂದರು. ಬಚ್ಚಲಲ್ಲಿ ನಿಂತು, ಭಕ್ತರೊಬ್ಬರು ತಮ್ಮ ಮನೆಯಿಂದ ಬಿಚ್ಚಿ ಕೊಟ್ಟಿದ್ದ ಹಳೆಯ ಗೀಸರನ್ನು ಸ್ವಲ್ಪ ಹೊತ್ತು ನೋಡಿದರು. ವರಾಂಡದ ಮೇನ್ ಬೋರ್ಡಿನ ಮುಂದೆ ಒಂದು ಗಳಿಗೆ ನಿಂತರು.

ಆಮೇಲೆ ಟವೆಲ್ ಕೊಡವಿ ಹೊಳೆಯ ಕಡೆ ಇಳಿದುಹೋದರು.

ಹುಲಿಗೆಮ್ಮ ಬೆನ್ನ ಹಿಂದೆಯೇ ಓಡಿದಳು. ಮೇಸ್ತ್ರಿ ಆಗಲೇ ಸೊಂಟದ ಮಟ್ಟದ ನೀರಿನಲ್ಲಿ ನಡುಗುತ್ತ ನಿಂತಿದ್ದರು.

“ಮೇಸ್ತ್ರಿ, ಅಲ್ಲಿ ಬಿಸಿನೀರು ಐತ್ರಿ. ಈ ನೀರು ಕೊರಿತೈತಿ.”

“ಹೌದು, ಕೊರಿತೈತಿ.”

“ಮತ್ತ ಯಾಕ ಇಲ್ಲಿ?”

ಮೇಸ್ತ್ರಿ ಬೊಗಸೆ ನೀರು ಮುಖಕ್ಕೆ ಹಾಕಿಕೊಂಡರು.

“ಈ ನೀರಿನ ಕೆಳಗ ಮಣ್ಣೈತಿ.”

ಹುಲಿಗೆಮ್ಮ ನಿಂತಲ್ಲೇ ನಿಂತಳು. ಹಿತ್ತಲ ಗುಂಡಿ ಕಣ್ಣಿಗೆ ಬಂತು, ಬಂಡೆ ಬಂತು, ತಾನು ಆಡಿದ ಮಾತು ಬಂತು. ಆಮೇಲೆ ನಾಲ್ಕನೆಯ ಕೋಣೆಯ ಬಾಳವ್ವನೆಂಬ ಮುದುಕಿ ನೆನಪಾದಳು. ಮಂಡಿನೋವಿಗೆ ಬಿಸಿನೀರು ಹಾಕಿಕೊಳ್ಳುತ್ತೇನೆ ಎಂದು ಅವಳು ಆಗಲೇ ಸೀರೆ, ಸೋಪು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು.

ಹುಲಿಗೆಮ್ಮ ದಂಡೆ ಹತ್ತಿ ಓಡಿದಳು. ಕಲ್ಲಿಗೆ ಬೆರಳು ಎಡವಿ ರಕ್ತ ಬಂದದ್ದು ಗೊತ್ತಾಗಲಿಲ್ಲ. ವರಾಂಡಕ್ಕೆ ಬಂದು ಮೇನ್ ಬೋರ್ಡಿನ ಬಾಗಿಲು ತೆಗೆದಳು.

ಮೇನ್ ಫ್ಯೂಸ್ ಇರಬೇಕಾದ ಜಾಗ ಖಾಲಿ ಇತ್ತು.

ಬಚ್ಚಲಿನಿಂದ ಬಾಳವ್ವ ಗೊಣಗುವುದು ಕೇಳಿಸಿತು. “ಏನ್ ಕರೆಂಟೋ ಏನೋ, ನೀರು ಕಾಯೋ ಹೊತ್ತಿಗೆ ಹೋತು.”

ಹುಲಿಗೆಮ್ಮ ಗೋಡೆಗೆ ಒರಗಿದಳು. ಮೇಸ್ತ್ರಿ ಒದ್ದೆ ಲುಂಗಿಯಲ್ಲೇ ಬಂದು, ಹೆಗಲ ಮೇಲಿದ್ದ ಅಂಗಿಯ ಜೇಬಿನಿಂದ ಫ್ಯೂಸ್ ತೆಗೆದು ಅವಳ ಅಂಗೈಯಲ್ಲಿಟ್ಟರು.

ಅವಳು ಬಾಳವ್ವನನ್ನು ಹೊರಗೆ ಕರೆತಂದಳು. ಎಲ್ಲರನ್ನೂ ದೂರ ನಿಲ್ಲಿಸಿ ಫ್ಯೂಸ್ ಹಾಕಿದಳು. ಒಣ ಹಲಗೆಯ ಮೇಲೆ ನಿಂತು ಬಚ್ಚಲಿನ ಹಿತ್ತಾಳೆ ನಲ್ಲಿಗೆ ಟೆಸ್ಟರ್ ಮುಟ್ಟಿಸಿದಳು.

ಟೆಸ್ಟರಿನೊಳಗಿನ ಪುಟ್ಟ ದೀಪ ಹೊತ್ತಿಕೊಂಡಿತು. ಗೀಸರಿನಿಂದ ಸೋರಿದ ಕರೆಂಟು ನಲ್ಲಿಗೆ ಹರಿದಿತ್ತು.

ಕೆನೆ ಬಣ್ಣದ ಸ್ವಿಚ್ಚುಗಳು ಗೋಡೆಯ ಮೇಲೆ ಹಾಗೇ ಹೊಳೆಯುತ್ತಿದ್ದವು. ಅವಳಿಗೆ ಅವನ್ನು ನೋಡಲಾಗಲಿಲ್ಲ.

ಫ್ಯೂಸ್ ಕಿತ್ತು ಮುದಿಯಪ್ಪನವರ ಮುಂದೆ ಹೋಗಿ ನಿಂತಳು.

“ಈ ಕೋಣಿ ಇವತ್ತು ತೆರೆಯೋ ಹಂಗಿಲ್ರಿ. ಬಚ್ಚಲಿಗೆ ಅರ್ಥಿಂಗ್ ಸರಿ ಇಲ್ಲ.”

“ನಾಕು ಊರಿಗೆ ಹೇಳಿ ಕಳಿಸೀನಿ. ಇವತ್ತ ಹಿಂಗಂದ್ರ ಹೆಂಗ? ಯಾರ ತಪ್ಪಿದು?”

ಗೀಸರ್ ಹಳೆಯದು ಎನ್ನಬಹುದಿತ್ತು. ನೆಲದಲ್ಲಿ ಬಂಡೆ ಎನ್ನಬಹುದಿತ್ತು. ಎರಡೂ ಸುಳ್ಳಾಗುತ್ತಿರಲಿಲ್ಲ.

“ನಂದು ರಿ. ಗುಂಡಿ ಪೂರಾ ತೋಡಿಸಲಿಲ್ಲ. ಹಾಕಬೇಕಾದ್ದು ಹಾಕಲಿಲ್ಲ. ಕಾಣೋ ಕಡಿಗೆ ಖರ್ಚು ಮಾಡಿದೆ.”

ಗುಂಪಿನಲ್ಲಿ ಯಾರೋ, “ಹೆಣ್ಮಕ್ಕಳ ಕೈಗೆ ಕೊಟ್ರ ಇಷ್ಟ” ಎಂದರು. ಅವಳು ಅದನ್ನು ನುಂಗಿಕೊಂಡಳು. ಮೇಸ್ತ್ರಿ ಕಟ್ಟೆಯ ಮೇಲೆ ಲುಂಗಿ ಹಿಂಡುತ್ತಿದ್ದರು. ಅವರಿಗೂ ಕೇಳಿಸಿತ್ತು. ಏನೂ ಅನ್ನಲಿಲ್ಲ.

ಯಾತ್ರಿಕರು ಒಬ್ಬೊಬ್ಬರಾಗಿ ಹೊಳೆಗೆ ಇಳಿದರು. ಬಾಳವ್ವನಿಗೆ ಅಡುಗೆಮನೆಯ ಹಂಡೆಯಿಂದ ಹುಲಿಗೆಮ್ಮನೇ ನೀರು ತಂದು ಮಂಡಿಗೆ ಹಾಕಿದಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವಳು ಮೇಸ್ತ್ರಿಯ ಹತ್ತಿರ ಬಂದಳು.

“ಅಷ್ಟು ಮಂದಿ ಮುಂದ ನನ್ನ ಪರವಾಗಿ ಒಂದು ಮಾತು ಆಡಲಿಲ್ಲ ನೀವು.”

“ನೀನು ಖರೇ ಹೇಳಿದ ಮ್ಯಾಲ ನನಗ ಹೇಳಾಕ ಏನ್ ಉಳಿದಿತ್ತು?”

ಅವಳ ಕಣ್ಣು ತುಂಬಿತು.

“ಗುಂಡಿ ಆಳ ಇಲ್ಲ ಅಂತ ನಿಮಗ ಹೆಂಗ ಗೊತ್ತಾತ್ರಿ? ನಾ ಮುಚ್ಚಿಸಿದ್ದೆ.”

“ಇದ್ದಿಲು ತುಂಬಿ ಮುಚ್ಚಿದ ಮ್ಯಾಲ ಉಳಿದ ಮಣ್ಣು ಅಲ್ಲೇ ಗುಡ್ಡಿ ಬಿದ್ದೈತಿ. ನನ್ನ ಮೊಣಕಾಲಿಗೂ ಬರಲಿಲ್ಲ.”

ಮರುದಿನದಿಂದ ಹುಲಿಗೆಮ್ಮ ಮತ್ತೆ ಕೆಲಸಕ್ಕೆ ಕೂತಳು. ಕೋಣೆಗಳ ಕೆನೆ ಬಣ್ಣದ ಸ್ವಿಚ್ಚುಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಡಬ್ಬಿಗೆ ಹಾಕಿ ಅಂಗಡಿಗೆ ವಾಪಸ್ ಒಯ್ದಳು. ಅಂಗಡಿಯವನು ಮುಖ ಸಿಂಡರಿಸಿಕೊಂಡೇ ಕಡಿಮೆ ಬೆಲೆಗೆ ತಿರುಗಿ ತೆಗೆದುಕೊಂಡ. ಅವುಗಳ ಜಾಗಕ್ಕೆ ಐಎಸ್ಐ ಗುರುತಿನ ಸಾದಾ ಸ್ವಿಚ್ ಬಂದವು. ಒತ್ತಿದರೆ ಟಕ್ ಎಂದು ಸದ್ದು ಬರುತ್ತಿತ್ತು.

ಬಂಡೆ ಒಡೆಸಲು ಎರಡಲ್ಲ, ಮೂರು ದಿನ ಬೇಕಾಯಿತು. ಅವಳೂ ಆಳುಗಳ ಜೊತೆ ಸುತ್ತಿಗೆ ಹಿಡಿದಳು. ಗುಂಡಿ ಆಳವಾಗಿ ತಂಪು ಮಣ್ಣು ಕಂಡ ಮೇಲೆ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದಳು. ದಪ್ಪ ತಾಮ್ರದ ತಂತಿ ಎಳೆದಳು. ಹಳೆಯ ಗೀಸರ್ ಕಿತ್ತು ಹೊಸದನ್ನು ಕೂರಿಸಿದಳು. ಅಂಗೈಯಲ್ಲಿ ಬೊಬ್ಬೆ ಎದ್ದವು.

ಲೀಕೇಜ್ ಬ್ರೇಕರ್ ಮಾತ್ರ ಅವಳು ಎಲ್ಲಕ್ಕಿಂತ ದೊಡ್ಡ ಹೆಸರಿನ ಕಂಪನಿಯದೇ ತಂದಳು.

ಮೇಸ್ತ್ರಿ ಬಂದಾಗ ಅವಳೇ ಮೊದಲು ಬಾಯಿ ತೆರೆದಳು.

“ಈಗ ತಿಳೀತ್ರಿ. ಕಣ್ಣಿಗೆ ಕಾಣೋದು ಅಗ್ಗದ್ದಾದ್ರೂ ನಡೀತೈತಿ. ಜೀವ ಕಾಯೋದು ತುಟ್ಟಿದ ಇರಬೇಕು. ಹೌದಲ್ರಿ?”

ಮೇಸ್ತ್ರಿ ಬ್ರೇಕರಿನ ಕಡೆ ಬೆರಳು ತೋರಿಸಿದರು.

“ಇದು ಕೆಲಸ ಮಾಡ್ತೈತೇನು?”

“ದೊಡ್ಡ ಕಂಪನಿದು ರಿ.”

“ನಾನು ಕಂಪನಿ ಕೇಳಲಿಲ್ಲ.”

ಬ್ರೇಕರಿನ ಮೈಮೇಲೆ ಪರೀಕ್ಷೆಗೆಂದು ಒಂದು ಪುಟ್ಟ ಬಟನ್ ಇರುತ್ತದೆ. ಲೈನಿನಲ್ಲಿ ಕರೆಂಟು ಇರುವಾಗ ಅದನ್ನು ಒತ್ತಿದರೆ ಬ್ರೇಕರ್ ತಾನೇ ಬೀಳಬೇಕು. ಹುಲಿಗೆಮ್ಮ ಅದನ್ನು ಒತ್ತಿರಲಿಲ್ಲ. ಅಷ್ಟು ದೊಡ್ಡ ಹೆಸರನ್ನು ಪರೀಕ್ಷೆ ಮಾಡಬೇಕೆಂದು ಅವಳಿಗೆ ತೋಚಿರಲೇ ಇಲ್ಲ.

ಈಗ ಒತ್ತಿದಳು.

ಬ್ರೇಕರ್ ಬೀಳಲಿಲ್ಲ.

ಇನ್ನೊಮ್ಮೆ ಒತ್ತಿದಳು. ವೈರುಗಳನ್ನೆಲ್ಲ ಬಿಚ್ಚಿ, ನೋಡಿ, ಬಿಗಿದು ಮತ್ತೆ ಒತ್ತಿದಳು. ಕೋಣೆಯ ದೀಪ ಅಲುಗಾಡದೆ ಉರಿಯುತ್ತಲೇ ಇತ್ತು.

ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಯಾರೋ ದೊಡ್ಡವರ ಹೆಸರು ಕದ್ದು ಮಾಡಿದ ನಕಲಿ ಮಾಲು. ತಿರುಗಿ ಒಯ್ದಾಗ ಅಂಗಡಿಯವನು ಅದನ್ನು ಕೈಯಲ್ಲಿ ಹಿಡಿದು ನೋಡಿ ಹಣ ವಾಪಸ್ ಕೊಟ್ಟ.

ಹುಲಿಗೆಮ್ಮ ಇನ್ನೊಂದು ಅಂಗಡಿಗೆ ಹೋದಳು. ಮೂರು ಬೇರೆ ಬೇರೆ ಕಂಪನಿಯ ಬ್ರೇಕರ್ ತೆಗೆಸಿ, ಅಲ್ಲೇ ಕರೆಂಟು ಕೊಟ್ಟು ಮೂರನ್ನೂ ಒತ್ತಿ ನೋಡಿದಳು.

“ಹಿಂಗ ಪರೀಕ್ಷೆ ಮಾಡಿ ಒಯ್ಯೋರು ನಮ್ಮ ಅಂಗಡಿಗೆ ನೀವ ಮೊದಲು,” ಎಂದ ಅಂಗಡಿಯವನು.

ಅವಳು ಆರಿಸಿಕೊಂಡದ್ದು ಮಧ್ಯಮ ಬೆಲೆಯದು. ಅದರ ಹೆಸರು ಅವಳು ಹಿಂದೆ ಕೇಳಿರಲಿಲ್ಲ. ಐಎಸ್ಐ ಗುರುತು ನೋಡಿ, ಅದರ ಕೆಳಗಿನ ನಂಬರನ್ನು ಮೊಬೈಲಿನಲ್ಲಿ ತಾಳೆ ಹಾಕಿದಳು. ಕೋಣೆಯಲ್ಲಿ ಹಾಕಿ ಎಂಟು ಸಲ ಒತ್ತಿದಳು. ಎಂಟು ಸಲವೂ ಅದು ಬಿತ್ತು.

ಈ ಸಲ ಕೋಣೆಗಳು ಗದ್ದಲವಿಲ್ಲದೆ ತೆರೆದವು. ಯಾತ್ರಿಕರು ಬಂದರು, ಮಿಂದರು, ಉಂಡರು, ಹೋದರು. ಗೋಡೆಯ ಸಾದಾ ಸ್ವಿಚ್ಚುಗಳನ್ನು ಯಾರೂ ಹೊಗಳಲಿಲ್ಲ. ನೆಲದೊಳಗಿನ ಗುಂಡಿಯನ್ನಂತೂ ಕೇಳುವವರೇ ಇರಲಿಲ್ಲ. ಮುದಿಯಪ್ಪ ಒಮ್ಮೆ, “ಮೊದಲಿನ ಸ್ವಿಚ್ಚ ಚಂದ ಇದ್ದವು” ಎಂದು ಹೇಳಿ ಹೋದರು.

ಹುಲಿಗೆಮ್ಮ ಬೇವಿನ ಕಟ್ಟೆಯ ಮೇಲೆ ಮೇಸ್ತ್ರಿಯ ಪಕ್ಕ ಕೂತಳು.

“ಮೇಸ್ತ್ರಿ, ತಪ್ಪು ಮಾಡಿದಾಗ ಎಲ್ಲಾರೂ ಹೊಗಳಿದ್ರು. ಈಗ ಸರಿ ಮಾಡೀನಿ, ಯಾರ ಕಣ್ಣಿಗೂ ಬೀಳವಲ್ದು. ಹಂಗಾದ್ರ ಕೆಲಸ ಚಲೋ ಆಗೇತಿ ಅಂತ ತಿಳಕೊಳ್ಳೋದು ಹೆಂಗ್ರಿ?”

ಮೇಸ್ತ್ರಿ ಎದುರಿನ ದಾಸೋಹದ ಮನೆಯ ಕಡೆ ನೋಡಿದರು. ಒಳಗೆ ರುಬ್ಬುವ ಯಂತ್ರ ತಿರುಗುತ್ತಿತ್ತು. ನಾಲ್ಕಾರು ಹೆಂಗಸರು ಒದ್ದೆ ಕೈಯಲ್ಲೇ ಓಡಾಡುತ್ತ ಅಡುಗೆ ಮಾಡುತ್ತಿದ್ದರು.

“ಆ ಅಡಗಿಮನಿಗೆ ನಾನು ವೈರ್ ಎಳೆದು ಇಪ್ಪತ್ತಾರು ವರ್ಷ ಆತು. ಹೋಗು, ಅದರ ವೈರಿಂಗ್ ಮಾಡಿದವರು ಯಾರು ಅಂತ ಕೇಳಿ ಬಾ.”

ಹುಲಿಗೆಮ್ಮ ಹೋದಳು. ಹಿರಿಯ ಅಡುಗೆಯಾಕೆ ಪಾರವ್ವನನ್ನು ಕೇಳಿದಳು. ಪಾರವ್ವ ಸೆರಗಿನಿಂದ ಹಣೆ ಒರೆಸಿಕೊಂಡು ಉಳಿದವರನ್ನು ಕೇಳಿದಳು. ಅವರು ಮುಖ ಮುಖ ನೋಡಿಕೊಂಡರು. ಮುದಿಯಪ್ಪನವರಿಗೂ ಗೊತ್ತಿರಲಿಲ್ಲ.

ಅವಳು ತಿರುಗಿ ಬಂದಳು. ಮೇಸ್ತ್ರಿಗೆ ಹೇಗೆ ಹೇಳುವುದೆಂದು ತಿಳಿಯದೆ ಸ್ವಲ್ಪ ತಡವರಿಸಿದಳು.

“ಯಾರಿಗೂ ಗೊತ್ತಿಲ್ರಿ. ಪಾರವ್ವ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ ಆತಂತ. ಅಷ್ಟು ವರ್ಷದಾಗ ಒಂದು ದಿನಾನೂ ಏನೂ ಆಗಿಲ್ಲಂತ. ಯಾರು ಮಾಡಿದ್ದು ಅಂತ ಕೇಳೋ ಪ್ರಸಂಗನ ಬಂದಿಲ್ಲ ಅಂದ್ಳು.”

ಮೇಸ್ತ್ರಿ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು.

“ಹಂಗಾದ್ರ ಇನ್ನೂ ಚಲೋ ಐತಿ.”