ಶೇಕದಾರರ ಕತ್ತು

ಕಂದಾಯ ಇಲಾಖೆಯ ಶೇಕದಾರ ವೆಂಕೋಬರಾಯರ ಕತ್ತು ಹಿಡಿದುಕೊಂಡಿತ್ತು. ದಿನವೂ ಮೆಲ್ಲಗೆ ಅತ್ತಿತ್ತ ತಿರುಗಿಸಿ ಎಂದರು ಮದ್ದು ಕೊಡುವ ಪಂಡಿತರು.

"ಯಾರು ಕರೆದರೂ ಕತ್ತು ತಿರುಗಿಸೋನಲ್ಲ ನಾನು" ಎಂದ ರಾಯರು ಅಡುಗೆಯ ತುಂಗಮ್ಮನತ್ತ ಗುಡುಗಿದರು: "ಉಪ್ಪಿನ ಶಾಖ ಕೊಟ್ಟು ವಾಸಿಮಾಡು, ಇಲ್ಲವೇ ಕೆಲಸ ಬಿಡು."

ತುಂಗಮ್ಮ ಶಾಖ ಕೊಟ್ಟಳು. ಊಟದ ಹೊತ್ತಿಗೆ ಮಾತ್ರ ಎಡಗಡೆ ನಿಂತು "ಸಾರು ಬಡಿಸಲೇ?" ಎನ್ನುವಳು, ಬಲಗಡೆ ಹೋಗಿ "ತುಪ್ಪ ಬೇಕೇ?" ಎನ್ನುವಳು. ದಿನಕ್ಕಿಷ್ಟು ಹಿಂದೆ ಸರಿದು ನಿಲ್ಲುವಳು. ತುಪ್ಪದ ಆಸೆಗೆ ರಾಯರ ಕತ್ತೂ ಅಷ್ಟಷ್ಟೇ ತಿರುಗಿತು. ನೋವು ಇಳಿಯಿತು.

ಅವಳೇ ಗುಟ್ಟು ಬಿಟ್ಟುಕೊಟ್ಟಾಗ ರಾಯರು ನಕ್ಕರು. "ಈ ಉಪಾಯ ಹೇಗೆ ಹೊಳೆಯಿತೇ?"

"ಅಮ್ಮಾವರೂ ಹೀಗೇ ಪಕ್ಕದಲ್ಲಿ ನಿಂತು ಮಾತಾಡಿಸ್ತಿದ್ದರು, ರಾಯರೇ. ಆಗ ನೀವು ತಿರುಗ್ತಿರಲಿಲ್ಲ."

ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಅವಳು ನಿಲ್ಲುತ್ತಿದ್ದ ಕಡೆಗೆ ರಾಯರು ತಿರುಗಿದರು. ಕತ್ತು ಸಲೀಸಾಗಿ ಹೊರಳಿತು. ಅಲ್ಲಿ ಬರಿಯ ಗೋಡೆಯಿತ್ತು.