ಹೊನ್ನೇಶ ಮನೆ ನೋಡಿದ್ದು

ಕೇಳಿದಿರಾ, ನಮ್ಮ ಬೆಂಗಳೂರಲ್ಲೇ ಹೊನ್ನೇಶ ಅಂತ ಒಬ್ಬ ಪೆದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ತಾಯಿ ಪುಟ್ಟತಾಯಮ್ಮನ ತಲೆನೋವು. ಇದ್ದ ಬಾಡಿಗೆಮನೆ ಕೆಡವುತ್ತಾರೆ, ಭಾನುವಾರದೊಳಗೆ ಖಾಲಿ ಮಾಡಬೇಕು. ಆಕೆಗೋ ಮೆಜೆಸ್ಟಿಕ್ ಹತ್ತಿರದ ಹಾಸ್ಟೆಲಿನಲ್ಲಿ ಅಡುಗೆ ಕೆಲಸ, ಒಂದು ದಿನವೂ ರಜೆಯಿಲ್ಲ. ಬೆಳಗ್ಗೆ ಆರಕ್ಕೆ ಒಲೆ ಹಚ್ಚಬೇಕು. ಮೆಟ್ರೋಗೆ ದೂರದ ಮನೆ ಹಿಡಿದರೆ ಕೆಲಸ ಹೋದ ಹಾಗೇ.

“ವಿಜಯನಗರದಲ್ಲೊಂದು ಮನೆ ಖಾಲಿಯಿದೆಯಂತೆ, ನೋಡ್ಕೊಂಡು ಬಾರೋ.”

ಹೋದ. ಎದುರಿನ ಫುಟ್‌ಪಾತಿನಲ್ಲಿ ನಿಂತು ಸಂಜೆತನಕ ನೋಡಿದ. ಬಂದ.

“ಬಾಡಿಗೆ ಎಷ್ಟಂತೆ?”

“ಮನೆ ಏನೂ ಹೇಳಲಿಲ್ಲಮ್ಮ!”

“ಅಯ್ಯೋ ನನ್ನ ಕರ್ಮವೇ! ಓನರನ್ನು ಕೇಳಬೇಕು ಕಣೋ! ಮೆಟ್ರೋ ಸ್ಟೇಷನ್ನಿಂದ ಬಾಗಿಲಿಗೆ ಎಷ್ಟು ಹೆಜ್ಜೆ, ಎಣಿಸಬೇಕು!”

ಆಗಲಿ ಅಂದ. ಮರುದಿನ ಹೋದ, ಬಂದ.

“ಹತ್ತು ತಿಂಗಳ ಅಡ್ವಾನ್ಸ್ ಅಂತೆ. ಹದಿನೇಳೇ ಹೆಜ್ಜೆ ಅಮ್ಮ!”

“ಹದಿನೇಳೇನಾ?” ತಾಯಿಗೆ ಹೋದ ಜೀವ ಬಂದ ಹಾಗಾಯಿತು.

“ಹ್ಞೂಂ. ಆಟೋ ಹತ್ತೋ ತನಕ ಒಂಬತ್ತು, ಇಳಿದ ಮೇಲೆ ಎಂಟು.”

“ಥೂ ಮುಠ್ಠಾಳ! ಸ್ಟೇಷನ್ ದಾಟಿದ ಮೇಲೆ ನಿನ್ನ ಕಾಲು ನೆಲ ಬಿಡಬಾರದು, ತಿಳೀತಾ? ನಾಳೆ ಬನಶಂಕರೀಲಿ ಒಂದು ಮನೆ ನೋಡು!”

ಆಗಲಿ ಅಂದ. ಇನ್ನೂರ ಹತ್ತು ಹೆಜ್ಜೆ ಎಣಿಸಿ ಗೇಟಿನ ಮುಂದೆ ನಿಂತ. ಮನೆ ಮಹಡಿ ಮೇಲೆ.

“ಮೇಲೆ ಬಾಪ್ಪ” ಅಂದರು ಓನರಮ್ಮ.

“ಆಗಲ್ಲ ಆಂಟಿ, ಕಾಲು ನೆಲ ಬಿಡಬಾರದು!”

“ಮತ್ತೆ ಮನೆ ಹೇಗೆ ನೋಡ್ತೀಯಾ?”

“ನೀವೇ ಕೆಳಗಿಳಿಸಿ!”

ಓನರಮ್ಮ ದಡಾರನೆ ಬಾಗಿಲು ಹಾಕಿಕೊಂಡರು.

ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಳು. “ಇನ್ನು ಎರಡೇ ದಿನ! ವಿಜಯನಗರದ್ದು, ಬನಶಂಕರೀದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ತಾನೇ ಯಾವುದು ಒಳ್ಳೇದು ಅಂತ ಗೊತ್ತಾಗೋದು!”

ಆಗಲಿ ಅಂದ. ಮರುದಿನ ಆಕೆ ಕೆಲಸದಿಂದ ಬಂದು ನೋಡಿದರೆ, ಗೋಡೆಗೆ ಪಕ್ಕಪಕ್ಕ ಒರಗಿಸಿದ ಎರಡು ‘ಮನೆ ಬಾಡಿಗೆಗಿದೆ’ ಬೋರ್ಡು!

“ಮನೆ ತರೋಕಾಗಲಿಲ್ಲಮ್ಮ, ಇವನ್ನೇ ಬಿಚ್ಕೊಂಡು ಬಂದೆ. ಬನಶಂಕರೀದೇ ಒಂದು ಗೇಣು ಉದ್ದ!”

ಬೈಯಲು ಬಾಯಿ ತೆರೆದವಳು ಬೋರ್ಡಿನ ಮೇಲಿನ ನಂಬರು ಕಂಡು ಫೋನು ತೆಗೆದಳು. ಬನಶಂಕರಿಯ ಓನರಮ್ಮ, “ಅದೇನೋ, ಇವತ್ತು ಒಂದು ನರಪಿಳ್ಳೆಯೂ ಮನೆ ಕೇಳ್ಕೊಂಡು ಬಂದಿಲ್ಲ. ಐದು ತಿಂಗಳ ಅಡ್ವಾನ್ಸ್ ಕೊಡಿ ಸಾಕು, ಬನ್ನಿ” ಅಂದರು. ಇನ್ನೂರ ಹತ್ತು ಹೆಜ್ಜೆಯ ಮನೆ ಸಿಕ್ಕೇಬಿಟ್ಟಿತು!

“ಕಂಡವರ ಬೋರ್ಡು ನಮಗ್ಯಾಕೋ? ಎಲ್ಲೆಲ್ಲಿಂದ ಬಿಚ್ಚಿದೆಯೋ ಅಲ್ಲಲ್ಲೇ ಕಟ್ಟಿ ಬಾ!”

ಆಗಲಿ ಅಂದ.

ಭಾನುವಾರ ಪುಟ್ಟತಾಯಮ್ಮ ಹೊಸ ಮನೆಯಲ್ಲಿ ಹಾಲುಕ್ಕಿಸಲು ಒಲೆ ಹಚ್ಚಿದಳು. ಹಾಲು ಇನ್ನೇನು ಉಕ್ಕಬೇಕು, ಮೆಟ್ಟಿಲ ಮೇಲೆ ದಡದಡ ಸದ್ದು. ಮೂರು ಸಂಸಾರಗಳನ್ನು ಹಿಂದೆ ಕಟ್ಟಿಕೊಂಡು ಹೊನ್ನೇಶ ಬಂದು ನಿಂತ.

“ಅಮ್ಮಾ, ಸ್ವಲ್ಪ ಈಚೆ ಬಾ. ಬೋರ್ಡು ನೋಡಿ ಬಂದಿದ್ದಾರೆ, ಅಡುಗೆಮನೆ ನೋಡಬೇಕಂತೆ!”